ಹೊಲಕ್ಕೆ ಹೋಗಿ ಕಬ್ಬು ಕಡಿದವನಿಗೆ ಕಾಮಾ ಬೇಕೆ?



ಅಕಿವಾಟದ ಕಡೆಯ ನಮ್ಮ ಹುಡುಗರಿಗೆ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಮಹಾರಾಷ್ಟ್ರದಲ್ಲಿ 2000ನೇ ಇಸವಿಯಿಂದ ಒಂದನೇ ಇಯತ್ತೆಗೇ ಇಂಗ್ಲಿಷ್ ಕೂಡ ಬಂದಿದೆ. ಮೊನ್ನೆ ಒಬ್ಬ ಹುಡುಗಿ ‘ರಾಮು ವೆಂಟ್ ಟು ದ ಫೀಲ್ಡ್, ಅಂಡ್ ಕಟ್ ದ ಕೇನ್’ ಎಂದು ಬರೆದಿದ್ದಳು. ಕಾಮಾ ತಪ್ಪೆಂದು ಅರ್ಧ ಅಂಕ ಕಳೆದೆ. “ಅಲ್ಲಿ ಉಸಿರು ತಗೋತೀವಲ್ರಿ ಸರ್?” ಎಂದಳು. ನನಗೆ ಉತ್ತರ ಹೊಳೆಯಲಿಲ್ಲ.

ಇತಿಹಾಸ ತೆಗೆದು ನೋಡಿದರೆ ಅವಳ ಮಾತಿನಲ್ಲಿ ನ್ಯಾಯವಿದೆ. ಕ್ರಿಸ್ತಪೂರ್ವ 3ನೇ ಶತಮಾನದ ಸುಮಾರಿಗೆ ಅಲೆಕ್ಸಾಂಡ್ರಿಯಾದ ಗ್ರಂಥಪಾಲ ಅರಿಸ್ಟೊಫೇನಿಸ್, ಗಟ್ಟಿಯಾಗಿ ಓದುವವರು ಎಲ್ಲಿ ನಿಲ್ಲಬೇಕೆಂದು ತೋರಿಸಲು ಚುಕ್ಕೆ ಇಟ್ಟ. ‘ಕಾಮಾ’ ಎಂಬ ಗ್ರೀಕ್ ಮೂಲದ ಶಬ್ದಕ್ಕೆ ಕತ್ತರಿಸಿದ ತುಂಡು ಎಂದರ್ಥ. ಈಗಿನ ಬಾಲದ ರೂಪ ಬಂದದ್ದು 1490ರ ದಶಕದಲ್ಲಿ, ವೆನಿಸ್ಸಿನ ಮುದ್ರಕ ಆಲ್ಡಸ್ ಮನುಟಿಯಸ್‌ನ ಅಚ್ಚುಕೂಟದಿಂದ. 1795ರಲ್ಲಿ ಲಿಂಡ್ಲೆ ಮರ್ರೆ ಬರೆದ ಇಂಗ್ಲಿಷ್ ವ್ಯಾಕರಣದಲ್ಲೂ ಕಾಮಾ ಎಂದರೆ ಅತಿ ಚಿಕ್ಕ ನಿಲುಗಡೆ. ಉಸಿರಿನ ಲೆಕ್ಕ ಹಿಂದೆ ಸರಿದು ವಾಕ್ಯರಚನೆಯ ಲೆಕ್ಕ ಮುಂದೆ ಬಂದದ್ದು ಆಮೇಲೆ. ಈಗಿನ ನಿಯಮ ಇಷ್ಟೆ: ಕರ್ತೃ ಒಬ್ಬನೇ ಇದ್ದು ಕ್ರಿಯಾಪದ ಎರಡಿದ್ದರೆ ‘ಅಂಡ್’ ಮುಂಚೆ ಸಾಮಾನ್ಯವಾಗಿ ಕಾಮಾ ಬೇಡ. ಎರಡನೇ ಕ್ರಿಯೆಗೆ ಬೇರೆ ಕರ್ತೃ ಬಂದರೆ ಕಾಮಾ ಬೇಕು.

ಇನ್ನು ನಮ್ಮದು. ನಮ್ಮ ಶಿರೋಳ ತಾಲೂಕಿನ ಖಿದ್ರಾಪುರದ ಕೋಪೇಶ್ವರ ದೇವಾಲಯದಲ್ಲಿ ಕನ್ನಡ ಶಾಸನಗಳಿವೆ. ಹಳಗನ್ನಡ ಶಾಸನಗಳಲ್ಲಿ ಕಾಮಾ ಹುಡುಕಿದರೆ ಸಿಗದು. ಪದ್ಯ ಮುಗಿದಲ್ಲಿ ಗೆರೆ ಇರಬಹುದು, ಅಷ್ಟೆ. ಈ ಚಿಹ್ನೆಗಳು ನಮ್ಮಲ್ಲಿ ಬೇರೂರಿದ್ದು 19ನೇ ಶತಮಾನದ ಅಚ್ಚಿನ ಕಾಲದಲ್ಲಿ. ಮರಾಠಿಗೆ ಇವನ್ನು ತಂದ ಕೀರ್ತಿ ಥಾಮಸ್ ಕ್ಯಾಂಡಿಗೆ ಸಲ್ಲುತ್ತದೆ. ಅಲ್ಲಿಯವರೆಗೆ ನಮ್ಮವರು ಹೇಗೆ ನಡೆಸಿದರು? ಕನ್ನಡದ ಕ್ರಿಯಾಪದವೇ ಗಂಟು ಹಾಕಿಕೊಳ್ಳುತ್ತದಲ್ಲ! ‘ರಾಮು ಹೊಲಕ್ಕೆ ಹೋಗಿ ಕಬ್ಬು ಕಡಿದು ಗಾಡಿ ತುಂಬಿ ಬಂದ.’ ಹೋಗಿ, ಕಡಿದು, ತುಂಬಿ ಎಂಬ ಕೃದಂತಾವ್ಯಯಗಳೇ ಕೊಂಡಿ. ‘ಮತ್ತು’ ಕೂಡ ಬೇಕಿಲ್ಲ.

ಮರುದಿನ ಮಕ್ಕಳಿಗೆ ಹೇಳಿದೆ: ಇಂಗ್ಲಿಷ್ ವಾಕ್ಯವನ್ನು ಮನಸ್ಸಿನಲ್ಲೇ ಕನ್ನಡ ಮಾಡಿರಿ. ‘ಹೋಗಿ ಕಡಿದ’ ಎಂದು ಒಬ್ಬನ ಮೇಲೇ ನಿಂತರೆ ಕಾಮಾ ಬೇಡ. ‘ರಾಮು ಹೊಲಕ್ಕೆ ಹೋದ, ಅವ್ವ ಸಂತೆಗೆ ಹೋದಳು’ ಎಂದು ಇಬ್ಬರಾದರೆ ಬೇಕು.

ಆ ಹುಡುಗಿ ಬಿಡಬೇಕಲ್ಲ? “ಸರ್, ಮಳಿ ಬಂದು ಹೊಳಿ ತುಂಬಿತು ಅಂತೀವಲ್ರಿ. ಅಲ್ಲಿ?”

ಸರಿಯಾದ ಪ್ರಶ್ನೆ! ‘ಬಂದು’ ಇದ್ದರೂ ಬಂದದ್ದು ಮಳೆ, ತುಂಬಿದ್ದು ಹೊಳೆ. ಕರ್ತೃ ಎರಡು. ಆದ್ದರಿಂದ ‘ದ ರೇನ್ ಕೇಮ್, ಅಂಡ್ ದ ರಿವರ್ ರೋಸ್’. ಗಂಟು ನೋಡಿದರೆ ಸಾಲದು, ಕರ್ತೃಗಳನ್ನು ಎಣಿಸಬೇಕು ಎಂದು ನನ್ನ ಸೂತ್ರವನ್ನೂ ತಿದ್ದಿಕೊಂಡೆ.

ತಾಯ್ನುಡಿ ಇಂಗ್ಲಿಷಿಗೆ ಅಡ್ಡಿ ಎನ್ನುವವರು ನಮ್ಮ ಗಡಿಯಲ್ಲಿ ಬಹಳ. ಆದರೆ ಆ ದಿನ ಇಂಗ್ಲಿಷಿನ ಕಾಮಾ ಬಿಡಿಸಿ ಹೇಳಿದ್ದು ನಮ್ಮ ಕನ್ನಡವೇ. ಕಳೆದ ಅರ್ಧ ಅಂಕವನ್ನು ತಿರುಗಿ ಕೊಟ್ಟೆ.