‘ಬಾಯ್ಕಾಟ್’ ಹುಟ್ಟಿದ ಊರು

ಪರೀಕ್ಷೆಗೆ ಬಾಯ್ಕಾಟ್, ಮತದಾನಕ್ಕೆ ಬಾಯ್ಕಾಟ್, ಸಭೆಗೆ ಬಾಯ್ಕಾಟ್. ಇಂಗ್ಲಿಷ್ ಬಾರದವರೂ ಸಲೀಸಾಗಿ ಆಡುವ ಈ ಪದ 1880ಕ್ಕೆ ಮುನ್ನ ಯಾವ ನಿಘಂಟಿನಲ್ಲೂ ಇರಲಿಲ್ಲ. ಆಗ ಅದು ಒಂದು ಮನೆತನದ ಹೆಸರು, ಅಷ್ಟೆ.

ಚಾರ್ಲ್ಸ್ ಬಾಯ್ಕಾಟ್ 1832ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವನು. ಐರ್ಲೆಂಡಿನ ಮೇಯೋ ಸೀಮೆಯಲ್ಲಿ ಲಾರ್ಡ್ ಅರ್ನ್ ಎಂಬ ಜಮೀನ್ದಾರನ ಪಾರುಪತ್ತೇಗಾರನಾಗಿದ್ದ. ಗೇಣಿ ವಸೂಲಿ ಅವನ ಕೆಲಸ. 1879ರಲ್ಲಿ ಬೆಳೆ ಕೈಕೊಟ್ಟಿತ್ತು. ಮರುವರ್ಷ ಗೇಣಿದಾರರು ಶೇಕಡಾ 25ರಷ್ಟು ರಿಯಾಯಿತಿ ಕೇಳಿದರು. ಜಮೀನ್ದಾರ ಶೇಕಡಾ 10ಕ್ಕೆ ಮಾತ್ರ ಒಪ್ಪಿದ. ಬಾಯ್ಕಾಟ್ ಒಕ್ಕಲೆಬ್ಬಿಸುವ ನೋಟಿಸು ಹೊರಡಿಸಿದ.

ಅದೇ ಸೆಪ್ಟೆಂಬರಿನಲ್ಲಿ ಐರಿಷ್ ನಾಯಕ ಪಾರ್ನೆಲ್ ಎನ್ನಿಸ್ ಪಟ್ಟಣದ ಸಭೆಯಲ್ಲಿ ರೈತರಿಗೆ ಒಂದು ದಾರಿ ತೋರಿಸಿದ್ದರು. ಒಕ್ಕಲೆಬ್ಬಿಸಿದ ಹೊಲವನ್ನು ಹಿಡಿಯುವವನನ್ನು ಕೊಲ್ಲಬೇಡಿ. ಬೀದಿಯಲ್ಲಿ, ಅಂಗಡಿಯಲ್ಲಿ, ಚರ್ಚಿನಲ್ಲಿ ಅವನನ್ನು ಒಂಟಿಯಾಗಿಸಿ ಎಂಬುದು ಅವರ ಮಾತಿನ ಸಾರ. ಮೇಯೋದ ಜನ ಈ ಉಪಾಯವನ್ನು ಬಾಯ್ಕಾಟ್‌ನ ಮೇಲೆಯೇ ಪ್ರಯೋಗಿಸಿದರು. ಆಳುಗಳು ಹೊಲ ಬಿಟ್ಟು ನಡೆದರು. ಕಮ್ಮಾರ, ಬಟ್ಟೆ ಒಗೆಯುವವಳು ಕೆಲಸಕ್ಕೆ ಬರಲಿಲ್ಲ. ಅಂಗಡಿಯವರು ಸಾಮಾನು ಕೊಡಲಿಲ್ಲ. ಬೆದರಿಕೆಗಳೂ ಇದ್ದವು, ಆದರೆ ಮುಖ್ಯ ಆಯುಧ ಅಸಹಕಾರವೇ.

ಬೆಳೆ ಕೊಯ್ಯಲು ಹೊರಗಿನಿಂದ 50 ಜನ ಬಂದರು. ಅವರ ಕಾವಲಿಗೆ ಸುಮಾರು 1,000 ಸೈನಿಕರು ಮತ್ತು ಪೊಲೀಸರು ಬೇಕಾದರು. ಅಂದಾಜು 500 ಪೌಂಡ್ ಬೆಲೆಯ ಫಸಲಿಗೆ ಆದ ಖರ್ಚು 10,000 ಪೌಂಡ್ ಎಂದು ಆಗಲೇ ಲೆಕ್ಕ ಹಾಕಲಾಗಿತ್ತು. ಡಿಸೆಂಬರಿನಲ್ಲಿ ಬಾಯ್ಕಾಟ್ ಐರ್ಲೆಂಡ್ ಬಿಟ್ಟು ಹೊರಟ.

ಪದ ಹುಟ್ಟಿದ ಬಗೆಯನ್ನು ಅಮೆರಿಕದ ಪತ್ರಕರ್ತ ಜೇಮ್ಸ್ ರೆಡ್‌ಪಾತ್ ದಾಖಲಿಸಿದ್ದಾರೆ. ಹೊರಹಾಕುವುದಕ್ಕೆ ಇಂಗ್ಲಿಷಿನಲ್ಲಿ ‘ಆಸ್ಟ್ರಸೈಸ್’ ಎಂಬ ಗ್ರೀಕ್ ಮೂಲದ ಪದವಿತ್ತು. ಅದು ರೈತರಿಗೆ ಅರ್ಥವಾಗದು ಎನಿಸಿದಾಗ, ಊರಿನ ಪಾದ್ರಿ ಓಮ್ಯಾಲಿ ‘ಬಾಯ್ಕಾಟ್ ಮಾಡುವುದು’ ಎಂದರಾಗದೇ ಎಂದರಂತೆ. ಪದ ಬೇಗನೆ ಫ್ರೆಂಚ್, ಜರ್ಮನ್ ಭಾಷೆಗಳಿಗೂ ದಾಟಿತು. 1905ರ ಆಗಸ್ಟ್ 7ರಂದು ಕಲ್ಕತ್ತೆಯ ಟೌನ್‌ಹಾಲ್ ಸಭೆ ಬ್ರಿಟಿಷ್ ಸರಕಿನ ಬಾಯ್ಕಾಟ್‌ಗೆ ನಿರ್ಣಯಿಸಿತು.

ಕನ್ನಡದಲ್ಲಿ ಇದಕ್ಕೆ ‘ಬಹಿಷ್ಕಾರ’ ಎನ್ನುತ್ತೇವೆ. ಆದರೆ ಇದು ಹೊಸ ಪದಕ್ಕಾಗಿ ಕಟ್ಟಿದ ಅನುವಾದವಲ್ಲ. ಜಾತಿಯ ಕಟ್ಟು ಮುರಿದವರಿಗೆ ನೀರು, ಬೆಂಕಿ, ಕೂಲಿ ನಿಲ್ಲಿಸುವ ಶಿಕ್ಷೆ ನಮ್ಮ ಹಳ್ಳಿಗಳಿಗೆ ಬಾಯ್ಕಾಟ್ ಹುಟ್ಟುವ ಮೊದಲೇ ಗೊತ್ತಿತ್ತು. 1927ರಲ್ಲಿ ಅಂಬೇಡ್ಕರ್ ಆರಂಭಿಸಿದ ಪತ್ರಿಕೆಯ ಹೆಸರೇ ‘ಬಹಿಷ್ಕೃತ ಭಾರತ’. ಅವರು ಸದಸ್ಯರಾಗಿದ್ದ ಮುಂಬಯಿ ಸರ್ಕಾರದ ಸಮಿತಿಯ 1930ರ ವರದಿ, ದಲಿತರನ್ನು ತುಳಿಯಲು ಸಾಮಾಜಿಕ ಬಹಿಷ್ಕಾರಕ್ಕಿಂತ ಪರಿಣಾಮಕಾರಿ ಅಸ್ತ್ರವಿಲ್ಲ ಎಂದು ಕಂಡುಕೊಂಡಿತು. ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು ಆಗ ಆ ಪ್ರಾಂತ್ಯದಲ್ಲೇ ಇದ್ದವು.

ಮೇಯೋದಲ್ಲಿ ಗೇಣಿದಾರರು ಪಾರುಪತ್ತೇಗಾರನಿಗೆ ಅಂಗಡಿ ಮುಚ್ಚಿದರು. ಇಲ್ಲಿ ಭೂಮಿ, ಬಾವಿ, ಅಂಗಡಿ ಎಲ್ಲ ಇದ್ದವರು ಏನೂ ಇಲ್ಲದವರಿಗೆ ಬಾಗಿಲು ಹಾಕಿದರು. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿ, ಅವರಿಗೆ ಸಾಮಾಜಿಕ ಅಥವಾ ಆರ್ಥಿಕ ಬಹಿಷ್ಕಾರ ಹಾಕುವುದನ್ನು, ಹಾಕುವೆವೆಂದು ಬೆದರಿಸುವುದನ್ನು ಅಪರಾಧವೆಂದು ಸಾರಿತು. ಪದ ಒಂದೇ ಆದರೂ, ಅದು ಹೋರಾಟವೋ ದೌರ್ಜನ್ಯವೋ ಎಂಬುದು ಯಾರು ಯಾರಿಗೆ ಬಾಗಿಲು ಹಾಕಿದರು ಎಂಬುದರಿಂದಲೇ ತಿಳಿಯುತ್ತದೆ.