ಸಭೆಯ ಮಾತು, ಮೊಬೈಲಿನ ತುಣುಕು: ರಾಯಚೂರಿನ ಒಂದು ಪ್ರಕರಣ

2021ರ ಅಕ್ಟೋಬರ್‌ನಲ್ಲಿ ರಾಯಚೂರು ನಗರದ ಬಿಜೆಪಿ ಶಾಸಕ ಡಾ. ಶಿವರಾಜ ಪಾಟೀಲರು ಕರ್ನಾಟಕದ ಅಂದಿನ ಸಚಿವ ಪ್ರಭು ಚವ್ಹಾಣರ ಎದುರಿಗೇ ಬೇಸರ ತೋಡಿಕೊಂಡರು. ತಮ್ಮ ಭಾಗವನ್ನು ಕೇಳುವವರಿಲ್ಲ, ಇದಕ್ಕಿಂತ ತೆಲಂಗಾಣಕ್ಕೆ ಸೇರಿಸಿಬಿಡುವುದೇ ಲೇಸು ಎಂಬುದು ಅವರ ಮಾತಿನ ಸಾರ. ಆಗ ತೆಲಂಗಾಣದ ಸಚಿವರಾಗಿದ್ದ ಕೆ.ಟಿ. ರಾಮರಾವ್ ಆ ಮಾತಿನ ವಿಡಿಯೊವನ್ನು ಟ್ವಿಟರ್‌ಗೆ ಹಾಕಿ, ತಮ್ಮ ಆಡಳಿತಕ್ಕೆ ಗಡಿಯಾಚೆಯಿಂದ ಬಂದ ಪ್ರಶಸ್ತಿಪತ್ರವೆಂಬಂತೆ ತೋರಿಸಿದರು. ಅಭಿವೃದ್ಧಿಯ ಕಡೆ ಗಮನ ಸೆಳೆಯುವುದಷ್ಟೇ ತಮ್ಮ ಉದ್ದೇಶವಾಗಿತ್ತೆಂದು ಪಾಟೀಲರು ಸ್ಪಷ್ಟನೆ ಕೊಟ್ಟರು. ವಿಡಿಯೊ ಓಡಿದಷ್ಟು ದೂರ ಸ್ಪಷ್ಟನೆ ಓಡಲಿಲ್ಲ. 2022ರ ಆಗಸ್ಟ್‌ನಲ್ಲಿ ತೆಲಂಗಾಣದ ಅಂದಿನ ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ ವಿಕಾರಾಬಾದ್ ಸಭೆಯಲ್ಲಿ, ರಾಯಚೂರಿನ ಜನ ತೆಲಂಗಾಣ ಸೇರಲು ಬಯಸುತ್ತಿದ್ದಾರೆ ಎಂದರು. ಒಬ್ಬ ಶಾಸಕರ ಸಿಟ್ಟು ಹತ್ತು ತಿಂಗಳಲ್ಲಿ ಇಡೀ ಜಿಲ್ಲೆಯ ಬಯಕೆಯಾಗಿತ್ತು.

ಇಂಥ ಮಾತಿನ ನೈತಿಕತೆಯನ್ನು ಪದಗಳಷ್ಟನ್ನೇ ನೋಡಿ ಅಳೆಯಲಾಗದು. ಮಾತು ಯಾವ ಕುರ್ಚಿಯಿಂದ ಬಂತು, ಯಾರು ಯಾತಕ್ಕೆ ಹಂಚಿದರು, ತಿದ್ದುಪಡಿಗೆ ಹಂಚಿದವರು ಕೊಟ್ಟ ಬೆಲೆಯೇನು ಎಂಬುದೂ ಲೆಕ್ಕಕ್ಕೆ ಬರಬೇಕು.

ಕುರ್ಚಿಯ ವಿಚಾರವನ್ನೇ ನೋಡಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದ ಮಾನ್ವಿಯ ರೈತ, ನೀರು ಬಾರದ ವರ್ಷ ಇದೇ ಮಾತಾಡಿದರೆ ಅದು ಸಂಕಟ. ದೇವದುರ್ಗದ ಕೂಲಿಕಾರ ಆಡಿದರೂ ಅಷ್ಟೇ. ರಾಜ್ಯದಲ್ಲಿ ತಮ್ಮದೇ ಪಕ್ಷದ ಸರ್ಕಾರವಿದ್ದಾಗ, ಸದನದಲ್ಲಿ ಸ್ಥಾನವಿದ್ದಾಗ ಶಾಸಕರು ಆಡಿದರೆ ಅದು ಹೊಣೆ ಜಾರಿಸಿದಂತೆ. ಮೇಲಾಗಿ ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಹಿಂದುಳಿದಿದೆಯೆಂದೇ ಈ ಭಾಗಕ್ಕೆ ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನಮಾನ ಸಿಕ್ಕಿದೆ. ಹಾಗಾಗಿ ಗಡಿ ಸೀಮೆಯ ಊರುಗಳಲ್ಲಿ ರಾಜ್ಯ ಬದಲಿಸುವ ಮಾತು ಬರೀ ಚಟಾಕಿಯಾಗಿ ಕೇಳಿಸುವುದಿಲ್ಲ.

ಕಾನೂನಿನ ಉತ್ತರ ಬೇರೆ. ಅಧಿಕಾರಸ್ಥರ ಮಾತಿನ ಹೊಣೆ ಕುರಿತ ಕೌಶಲ್ ಕಿಶೋರ್ ಪ್ರಕರಣದಲ್ಲಿ 2023ರ ಜನವರಿ 3ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ಬಹುಮತವು ಸಚಿವರ ಹೇಳಿಕೆಯನ್ನು ಸರ್ಕಾರದ ತಲೆಗೆ ಕಟ್ಟಲಾಗದು ಎಂದಿತು. ಕನ್ನಡತಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಈ ಅಂಶದಲ್ಲಿ ಭಿನ್ನಮತ ಬರೆದರು: ಅಧಿಕಾರದ ನೆಲೆಯಲ್ಲಿ ಆಡಿದ ಮಾತು ಸರ್ಕಾರದ ನಿಲುವನ್ನೂ ಬಿಂಬಿಸಿದರೆ ಸರ್ಕಾರವೇ ಹೊಣೆ, ರಾಜಕೀಯ ಪಕ್ಷಗಳು ತಮ್ಮವರ ಮಾತಿಗೆ ನೀತಿಸಂಹಿತೆ ಹಾಕಿಕೊಳ್ಳಬಹುದು. ನೈತಿಕ ವಿಮರ್ಶೆಗೆ ಬಹುಮತಕ್ಕಿಂತ ಈ ಭಿನ್ನಮತವೇ ಹೆಚ್ಚು ಉಪಯುಕ್ತ.

ಹಾಗೆಂದು ಪೊಲೀಸರನ್ನು ನೀತಿಯ ತೀರ್ಪುಗಾರರನ್ನಾಗಿ ಮಾಡುವುದೂ ಸಲ್ಲ. ನ್ಯಾಯಮೂರ್ತಿಯೊಬ್ಬರ ಕುರಿತ ಟ್ವೀಟ್‌ಗಾಗಿ ನಟ ಚೇತನ್ ಅಹಿಂಸಾ ಅವರನ್ನು 2022ರ ಫೆಬ್ರುವರಿಯಲ್ಲಿ ಬಂಧಿಸಲಾಯಿತು. ಆ ಟ್ವೀಟ್ ನ್ಯಾಯವಾದದ್ದೇ, ಅದರ ಟೀಕೆಗೆ ಆಧಾರವಿತ್ತೇ ಎಂಬ ಚರ್ಚೆ ಬಂಧನದ ಗದ್ದಲದಲ್ಲಿ ಮುಳುಗಿತು.

ರಾಯಚೂರಿನ ಪ್ರಕರಣದಲ್ಲಿ ಪಾಟೀಲರದು ಅವಸರದ ತಪ್ಪು, ಅದನ್ನು ಅವರು ತಿದ್ದಿಕೊಂಡರು. ರಾಮರಾವ್ ಅವರದು ಯೋಚಿಸಿ ಹಂಚಿದ ತುಣುಕು. ನೆರೆಯ ಜಿಲ್ಲೆಯ ಕೊರತೆಯನ್ನು ತಮ್ಮ ಪ್ರಚಾರಕ್ಕೆ ಬಳಸಿಕೊಂಡದ್ದರಿಂದ ನೈತಿಕ ಹೊಣೆಯ ದೊಡ್ಡ ಪಾಲು ಅವರ ಮೇಲೆಯೇ ಬೀಳುತ್ತದೆ.