ನಗರ ಪ್ರದೇಶದಲ್ಲಿ ಸಣ್ಣ ಪ್ಲಾಸ್ಟಿಕ್ ಮರುಬಳಕೆ ಘಟಕ: ಅರ್ಜಿದಾರರಿಗೆ ಮಾಹಿತಿ

ಬಳಸಿ ಎಸೆದ ವಸ್ತುವನ್ನೇ ಕಚ್ಚಾವಸ್ತುವಾಗಿ ಬಳಸಿ, ಅದು ದೊರೆತ ನಗರದಲ್ಲಿಯೇ ಹೊಸ ಸರಕು ತಯಾರಿಸುವುದು ವೃತ್ತಾಕಾರದ ಆರ್ಥಿಕತೆಯ ಮುಖ್ಯ ಅಂಗವಾಗಿದೆ. ಕರ್ನಾಟಕದಲ್ಲಿ ಇಂತಹ ಘಟಕ ಸ್ಥಾಪಿಸಲು ಇಚ್ಛಿಸುವವರು ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

1. ವರ್ಗೀಕರಣ
ದಿನಾಂಕ 1-4-2025ರಿಂದ ಯಂತ್ರೋಪಕರಣಗಳ ಹೂಡಿಕೆ ರೂ. 2.5 ಕೋಟಿ ಹಾಗೂ ವಾರ್ಷಿಕ ವಹಿವಾಟು ರೂ. 10 ಕೋಟಿ ಮೀರದ ಘಟಕವು ಅತಿ ಸಣ್ಣ ಉದ್ಯಮವೆನಿಸುತ್ತದೆ. ಸಣ್ಣ ಉದ್ಯಮಕ್ಕೆ ಈ ಮಿತಿಗಳು ಕ್ರಮವಾಗಿ ರೂ. 25 ಕೋಟಿ ಹಾಗೂ ರೂ. 100 ಕೋಟಿ. ಭೂಮಿ ಮತ್ತು ಕಟ್ಟಡದ ಮೌಲ್ಯವನ್ನು ಹೂಡಿಕೆಗೆ, ರಫ್ತಿನ ಮೊತ್ತವನ್ನು ವಹಿವಾಟಿಗೆ ಸೇರಿಸುವುದಿಲ್ಲ.

2. ಉದ್ಯಮ್ ನೋಂದಣಿ
ಈ ನೋಂದಣಿಯು 1-7-2020ರಿಂದ ಜಾರಿಯಲ್ಲಿದ್ದು, ಸಂಪೂರ್ಣ ಉಚಿತವಾಗಿರುತ್ತದೆ. ಮಧ್ಯವರ್ತಿಗಳಿಗೆ ಹಣ ನೀಡಬೇಕಾಗಿಲ್ಲ. ಆದರೆ ಸದರಿ ಪ್ರಮಾಣಪತ್ರವು ಘಟಕ ನಡೆಸಲು ಅನುಮತಿಯಲ್ಲ. ಇದನ್ನೇ ಅನುಮತಿಯೆಂದು ಭಾವಿಸಿ ಸಾಲ ಪಡೆದು ಯಂತ್ರ ಅಳವಡಿಸಿದಲ್ಲಿ, ಘಟಕವನ್ನು ಮುಚ್ಚಬೇಕಾದ ಸಂದರ್ಭ ಒದಗಬಹುದು. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

3. ಅನುಮತಿಗಳ ಕ್ರಮ
ಅ) ಬಾಡಿಗೆ ಕರಾರಿಗೆ ಮೊದಲೇ ಆ ನಿವೇಶನದಲ್ಲಿ ಕೈಗಾರಿಕೆಗೆ ಅವಕಾಶವಿದೆಯೇ ಎಂಬುದನ್ನು ನಗರ ಯೋಜನೆಯ ಭೂ ಉಪಯೋಗದಂತೆ ಖಚಿತಪಡಿಸಿಕೊಳ್ಳುವುದು.
ಆ) ಜಲ ಕಾಯ್ದೆ 1974 ಮತ್ತು ವಾಯು ಕಾಯ್ದೆ 1981ರಡಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಯಂತ್ರ ಅಳವಡಿಕೆಗೆ ಮುನ್ನ ಸ್ಥಾಪನಾ ಸಮ್ಮತಿಯನ್ನು, ಉತ್ಪಾದನೆಗೆ ಮುನ್ನ ಚಾಲನಾ ಸಮ್ಮತಿಯನ್ನು ಪಡೆಯುವುದು. ಪ್ಲಾಸ್ಟಿಕ್ ತೊಳೆದ ನೀರು ಚರಂಡಿಗೂ, ಕರಗಿಸುವಾಗ ಏಳುವ ಹೊಗೆ ನೆರೆಮನೆಗಳಿಗೂ ಸೇರುವ ಸಂಭವವಿರುವುದೇ ಇದಕ್ಕೆ ಕಾರಣ.
ಇ) ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣೆ ನಿಯಮಗಳು 2016ರಡಿ ಮರುಬಳಕೆದಾರರಾಗಿ ನೋಂದಾಯಿಸಿಕೊಳ್ಳುವುದು. ಪ್ಲಾಸ್ಟಿಕ್ ಪ್ಯಾಕಿಂಗ್ ಬಳಸುವ ಕಂಪನಿಗಳು ತಮ್ಮ ಹೊಣೆಗಾರಿಕೆ ಪೂರೈಸಲು ನೋಂದಾಯಿತ ಘಟಕಗಳ ಪ್ರಮಾಣಪತ್ರವನ್ನೇ ಪಡೆಯಬೇಕಾಗಿರುವುದರಿಂದ, ಇದು ಘಟಕಕ್ಕೆ ಆದಾಯದ ಮಾರ್ಗವೂ ಆಗಿದೆ.

4. ಕಚ್ಚಾವಸ್ತು
ಹಸಿ ಕಸದೊಡನೆ ಬೆರೆತ ಪ್ಲಾಸ್ಟಿಕ್ ತೊಳೆಯಲು ಹೆಚ್ಚು ನೀರು ಬೇಕಾಗುವುದಲ್ಲದೆ, ಅದರ ಗುಣಮಟ್ಟವೂ ಕುಗ್ಗುತ್ತದೆ. ಆದ್ದರಿಂದ ಒಣ ಕಸ ಸಂಗ್ರಹಣಾ ಕೇಂದ್ರ ಅಥವಾ ಗುಜರಿ ವ್ಯಾಪಾರಿಗಳಿಂದ ವಿಂಗಡಿಸಿದ ಸರಕನ್ನೇ ಖರೀದಿಸುವುದು ಲಾಭಕರ. ವಿದ್ಯುನ್ಮಾನ ತ್ಯಾಜ್ಯ ಹಾಗೂ ಹಳೆಯ ಬ್ಯಾಟರಿಗಳಿಗೆ 2022ರ ಪ್ರತ್ಯೇಕ ನಿಯಮಗಳು ಅನ್ವಯಿಸುತ್ತವೆ.

5. ನಿಷೇಧಿತ ಉತ್ಪನ್ನಗಳು
ರಾಜ್ಯದಲ್ಲಿ 2016ರಲ್ಲಿ ಪ್ಲಾಸ್ಟಿಕ್ ಕೈಚೀಲಗಳ ತಯಾರಿಕೆಯನ್ನೂ, ದೇಶಾದ್ಯಂತ 1-7-2022ರಿಂದ ಒಮ್ಮೆ ಬಳಸಿ ಎಸೆಯುವ ತಟ್ಟೆ, ಲೋಟ, ಚಮಚ ಮುಂತಾದವುಗಳ ತಯಾರಿಕೆಯನ್ನೂ ನಿಷೇಧಿಸಲಾಗಿದೆ. ಮರುಬಳಕೆಯ ಪ್ಲಾಸ್ಟಿಕ್ ಎಂಬ ಕಾರಣಕ್ಕೆ ಇವುಗಳಿಗೆ ವಿನಾಯಿತಿ ದೊರೆಯುವುದಿಲ್ಲ.

ಹೆಚ್ಚಿನ ಮಾಹಿತಿಗಾಗಿ ತಮ್ಮ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಸಂಪರ್ಕಿಸಬಹುದಾಗಿದೆ.